ಉಲ್ಲೇಖದ ಎಣಿಕೆಯೂ ವಿದ್ಯೆಯ ತೂಕವೂ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಬಂಡೆಗಳ ಮೇಲೆ ಕೊರೆಯಲ್ಪಟ್ಟಿರುವುದು ಸರ್ವರಿಗೂ ತಿಳಿದ ಸಂಗತಿ. ತಾಯಿತಂದೆಗಳಲ್ಲಿ ವಿಧೇಯತೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಶಿಷ್ಯನ ಗೌರವ ಎಂಬಿವು ಅಲ್ಲಿ ಬೋಧಿಸಲ್ಪಟ್ಟಿವೆ. ಬರೆದ ಲಿಪಿಕಾರನಾದ ಚಪಡನು ಕೊನೆಯಲ್ಲಿ ತನ್ನ ಹೆಸರನ್ನೂ ಕಾಣಿಸಿದ್ದಾನೆ. ಕಾಲಕ್ರಮದಲ್ಲಿ ಆ ಲಿಪಿಯನ್ನು ಓದಬಲ್ಲವರೇ ಇಲ್ಲವಾದರು. 1892ರಲ್ಲಿ ಬಿ. ಎಲ್. ರೈಸ್ ಮಹಾಶಯರು ಅವನ್ನು ಕಂಡು ಪ್ರಕಟಪಡಿಸುವ ಪರ್ಯಂತ ಅನೇಕ ಶತಮಾನಗಳ ಕಾಲ ಆ ಬರಹವನ್ನು ಎತ್ತಿ ಹೇಳಿದವರಿಲ್ಲ. ಅಷ್ಟು ಮಾತ್ರದಿಂದ ಆ ಬರಹದ ಬೆಲೆ ಶೂನ್ಯವಾಗಿತ್ತೆಂದು ಹೇಳಬಹುದೇ? ಹೇಳಲಾಗದು. ಹಾಗಾದರೆ ಬರಹವೊಂದರ ಪ್ರಭಾವವನ್ನು ಅಳೆಯುವುದಾದರೂ ಹೇಗೆ? ಈ ಪ್ರಶ್ನೆ ಹಳೆಯದಾದರೂ ಇಂದಿನ ವಿಜ್ಞಾನ ಪ್ರಪಂಚದಲ್ಲಿ ಬಹು ತೀವ್ರವಾಗಿ ಎದ್ದು ನಿಂತಿದೆ. ಅಧ್ಯಾಪಕರ ನೇಮಕ, ಬಡ್ತಿ, ಸರಕಾರದ ಧನಸಹಾಯ, ಪ್ರಶಸ್ತಿ ಇವೆಲ್ಲಕ್ಕೂ ಒಬ್ಬ ಸಂಶೋಧಕನ ಪ್ರಬಂಧಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆಂಬ ಎಣಿಕೆಯನ್ನೇ ಮುಂದಿಡುವ ಪದ್ಧತಿ ಬೆಳೆದಿದೆ. ಆ ಎಣಿಕೆಯ ಯುಕ್ತಾಯುಕ್ತತೆಯನ್ನು, ದೇಹಚಿಕಿತ್ಸೆಗೆ ಒದಗುವ ಪಾಲಿಮರ್ ದ್ರವ್ಯಗಳ ಶಾಸ್ತ್ರವನ್ನು ಉದಾಹರಣೆಯಾಗಿಟ್ಟುಕೊಂಡು ವಿಚಾರಿಸುವುದೇ ಈ ಉಪನ್ಯಾಸದ ಉದ್ದೇಶ.

ಪಾಲಿಮರ್ ಎಂಬ ಹೆಸರು ಪರದೇಶದ್ದಾದರೂ ವಸ್ತು ಈ ಸೀಮೆಯ ಮನೆಮನೆಯಲ್ಲಿಯೂ ಉಂಟು. ಚಿಕ್ಕ ಚಿಕ್ಕ ಅಣುಗಳು ಸರದ ಮಣಿಗಳಂತೆ ಒಂದಕ್ಕೊಂದು ಕೂಡಿಕೊಂಡು ಉದ್ದವಾದ ಸರಪಣಿಯಾದರೆ ಅದೇ ಪಾಲಿಮರ್. ಚಳ್ಳಕೆರೆಯ ಕಂಬಳಿಯ ಉಣ್ಣೆ ಅಂಥದ್ದು. ಮೊಳಕಾಲ್ಮೂರಿನ ಮಗ್ಗದ ಮೇಲಿನ ರೇಷ್ಮೆ ಅಂಥದ್ದು. ಗೋರಿಕಾಯಿಯ ಬೀಜದಿಂದ ಬರುವ ಗೋಂದೂ ಅಂಥದ್ದೇ. ರೇಷ್ಮೆಯ ಎಳೆಯಲ್ಲಿ ಎರಡು ಪದಾರ್ಥಗಳಿವೆ. ಒಳಗಿನ ಗಟ್ಟಿಯಾದ ತಂತುವಿಗೆ ಫೈಬ್ರಾಯಿನ್ ಎಂದೂ ಅದನ್ನು ಸುತ್ತಿ ಹಿಡಿದಿರುವ ಅಂಟಿಗೆ ಸೆರಿಸಿನ್ ಎಂದೂ ಹೆಸರು. ನೇಯುವವರು ನೂಲನ್ನು ಸೋಪು ಸೋಡಾ ಹಾಕಿದ ಬಿಸಿನೀರಿನಲ್ಲಿ ಬೇಯಿಸಿ ಅಂಟನ್ನು ಕಳೆದು ಹೊಳಪನ್ನು ತರುತ್ತಾರೆ. ಇದೇ ಕೆಲಸವನ್ನು ವಿಜ್ಞಾನಿಯು ಪ್ರಯೋಗಶಾಲೆಯಲ್ಲಿ ಮಾಡಿ, ಉಳಿದ ತಂತುವನ್ನು ಕರಗಿಸಿ, ಅದರಿಂದ ಗಾಯಕ್ಕೆ ಹಚ್ಚುವ ತೆಳುಪೊರೆಯನ್ನೂ, ಜೀವಕೋಶಗಳು ಹತ್ತಿ ಬೆಳೆಯುವ ಚಪ್ಪರದಂಥ ಹಂದರವನ್ನೂ ಸಿದ್ಧಪಡಿಸುತ್ತಾನೆ. ಗಾಯವನ್ನು ಹೊಲಿಯುವುದಕ್ಕೆ ಸಣಬು, ಮರದ ನಾರು, ಸ್ನಾಯು, ಕೂದಲು ಮುಂತಾದವು ಸುಶ್ರುತಸಂಹಿತೆಯಲ್ಲಿಯೇ ಹೇಳಲ್ಪಟ್ಟಿವೆ. ರೇಷ್ಮೆಯ ಹೊಲಿಗೆದಾರವಂತೂ ಶಸ್ತ್ರವೈದ್ಯರ ಕೈಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದುದರಿಂದ ಈ ಶಾಸ್ತ್ರ ಹೊಸದಾದರೂ ಅದರ ಬೇರು ಹಳೆಯದು.

ಇನ್ನು ಕನ್ನಡ ನಾಡಿನ ಒಂದು ದೃಷ್ಟಾಂತ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ತೇಜರಾಜ ಅಮಿನಭಾವಿಯವರು ತಮ್ಮ ಶಿಷ್ಯವರ್ಗದೊಡನೆ ಪಾಲಿಮರುಗಳ ವಿಷಯದಲ್ಲಿ ದೀರ್ಘಕಾಲ ಪರಿಶ್ರಮಿಸಿದವರು. ಅವರು ಕೈಗೊಂಡ ವಿಷಯಗಳಲ್ಲಿ ಮುಖ್ಯವಾದುದೊಂದು, ಔಷಧವನ್ನು ಹೊತ್ತೊಯ್ಯುವ ದ್ರವ್ಯ. ಆಯುರ್ವೇದದಲ್ಲಿ ಅನುಪಾನವೆಂಬುದುಂಟು. ಔಷಧ ಒಂದೇ ಆದರೂ ಅದನ್ನು ಜೇನಿನಲ್ಲಿ ಕೊಟ್ಟರೆ ಒಂದು ಬಗೆ, ತುಪ್ಪದಲ್ಲಿ ಕೊಟ್ಟರೆ ಇನ್ನೊಂದು ಬಗೆ. ಪಾಲಿಮರ್ ಶಾಸ್ತ್ರಜ್ಞರು ಹುಡುಕುವುದೂ ಒಂದು ವಿಧದ ಅನುಪಾನವನ್ನೇ. ಔಷಧವನ್ನು ಅತಿ ಸೂಕ್ಷ್ಮವಾದ ಕಣದೊಳಗೆ ಅಡಗಿಸಿಟ್ಟರೆ ಅದು ಒಮ್ಮೆಗೇ ಮೈಯೆಲ್ಲ ಹರಡಿ ವ್ಯರ್ಥವಾಗದೆ, ಬೇಕಾದ ಸ್ಥಳದಲ್ಲಿ, ಬೇಕಾದಷ್ಟು ಕಾಲ, ಸ್ವಲ್ಪಸ್ವಲ್ಪವಾಗಿ ಹೊರಬೀಳುತ್ತದೆ. ಹೊತ್ತು ತಂದ ಕಣವು ತನ್ನ ಕೆಲಸ ಮುಗಿದ ಮೇಲೆ ದೇಹದಲ್ಲಿಯೇ ಕರಗಿ ಹೋಗಬೇಕು, ವಿಷವಾಗಿ ಉಳಿಯಕೂಡದು.

ಈ ವಿಷಯದಲ್ಲಿ ಅದುವರೆಗೆ ಲೋಕದಲ್ಲಿ ನಡೆದಿದ್ದ ಕೆಲಸವನ್ನೆಲ್ಲ ಒಟ್ಟುಗೂಡಿಸಿ ಸೊಪ್ಪಿಮಠ, ಅಮಿನಭಾವಿ, ಕುಲಕರ್ಣಿ ಮತ್ತು ಅಮೇರಿಕೆಯ ರುಡ್ಜಿನ್ಸ್ಕಿ ಎಂಬವರು 2001ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ದೇಹದಲ್ಲಿ ಕರಗುವ ಪಾಲಿಮರುಗಳ ಸೂಕ್ಷ್ಮಕಣಗಳನ್ನು ಹೇಗೆ ಮಾಡತಕ್ಕದ್ದು, ಔಷಧವನ್ನು ಹೇಗೆ ತುಂಬತಕ್ಕದ್ದು, ಅದು ಯಾವ ಕ್ರಮದಿಂದ ಹೊರಬರುವುದು ಎಂಬಿವೇ ಅದರ ಪ್ರಕರಣಗಳು. ಸಿಗಡಿ ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೊಸಾನ್ ಎಂಬ ಪಾಲಿಮರಿನ ಕಣಗಳ ಕುರಿತು ಅಗ್ನಿಹೋತ್ರಿ, ಮಲ್ಲಿಕಾರ್ಜುನ, ಅಮಿನಭಾವಿ ಇವರ ಮತ್ತೊಂದು ಪ್ರಬಂಧ 2004ರಲ್ಲಿ ಹೊರಬಂತು. ಧಾರವಾಡದ ಈ ಎರಡು ಬರಹಗಳನ್ನೂ ಅಂದಿನಿಂದ ದೇಶದೇಶಗಳ ಸಂಶೋಧಕರು ಒಂದೊಂದನ್ನು ಹಲವು ಸಾವಿರ ಬಾರಿ ಉಲ್ಲೇಖಿಸಿದ್ದಾರೆ. ಕನ್ನಡ ನಾಡಿನ ಒಂದು ವಿದ್ಯಾಕೇಂದ್ರದಲ್ಲಿ ಕುಳಿತು ಬರೆದುದನ್ನು ಪರದೇಶಗಳ ವಿದ್ವಾಂಸರು ಮೆಟ್ಟಿಲನ್ನಾಗಿ ಮಾಡಿಕೊಂಡರೆಂಬುದು ನಾಡಿಗೆ ಅಭಿಮಾನದ ವಿಷಯ.

ಅದೇ ಪ್ರಯೋಗಶಾಲೆಯಲ್ಲಿ ನಡೆದ ಎರಡು ಸಣ್ಣ ಕೆಲಸಗಳು ಈ ಸೀಮೆಯ ರೈತರಿಗೆ ಕುತೂಹಲವನ್ನುಂಟುಮಾಡತಕ್ಕವು. ಸಮುದ್ರದ ಪಾಚಿಯಿಂದ ಬರುವ ಆಲ್ಜಿನೇಟ್ ಎಂಬ ಪದಾರ್ಥದ ಗುಳಿಗೆಗಳಲ್ಲಿ ಬೇವಿನ ಬೀಜದ ಎಣ್ಣೆಯನ್ನು ತುಂಬಿ, ಅದು ಕ್ರಿಮಿನಾಶಕವಾಗಿ ಮಣ್ಣಿನಲ್ಲಿ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಪ್ರಯೋಗವು 2000ದಲ್ಲಿ ಪ್ರಕಟವಾಯಿತು. ಗೋರಿಕಾಯಿ ಗೋಂದನ್ನು ಮಾರ್ಪಡಿಸಿ, ಜಠರದ ಆಮ್ಲದಲ್ಲಿ ಮುದುಡಿಕೊಂಡಿದ್ದು ಕರುಳಿಗೆ ಇಳಿದ ಮೇಲೆ ಉಬ್ಬಿ ಔಷಧವನ್ನು ಬಿಟ್ಟುಕೊಡುವ ಕಣಗಳನ್ನು ಮಾಡಿದ ಪ್ರಯೋಗವು 2001ರಲ್ಲಿ ಪ್ರಕಟವಾಯಿತು. ಮಳೆ ಕಡಿಮೆಯಾದ ಹೊಲದ ಕಾಯಿಯೂ, ಊರ ಬಾಗಿಲ ಬೇವೂ ಹೀಗೆ ವಿದ್ವತ್ಪತ್ರಿಕೆಯ ಪುಟಗಳನ್ನು ಸೇರಿದವು. ಮೇಲೆ ಹೇಳಿದ ಸಮೀಕ್ಷೆಗಳಿಗೆ ದೊರೆತಷ್ಟು ಉಲ್ಲೇಖ ಇವಕ್ಕೆ ದೊರೆತಿಲ್ಲ. ಇಲ್ಲಿಂದಲೇ ಎಣಿಕೆಯ ವಿಚಾರ ಆರಂಭವಾಗುತ್ತದೆ.

ಉಲ್ಲೇಖವೆಂದರೇನು? ಅದು ಋಣಪತ್ರ. ಪೂರ್ವಿಕನೊಬ್ಬನಿಂದ ತಾನು ಇಷ್ಟನ್ನು ಪಡೆದಿರುವೆನೆಂದು ಲೇಖಕನು ಬಹಿರಂಗವಾಗಿ ಒಪ್ಪಿ ಬರೆದುಕೊಡುವ ಸಾಲದ ಕಾಗದ. ಪಾಠಶಾಲೆಯಲ್ಲಿ ಓದಿದವರಿಗೆ ಇದು ಹೊಸ ಧರ್ಮವಲ್ಲ. ಆಧಾರವಿಲ್ಲದ್ದನ್ನು ಬರೆಯುವುದಿಲ್ಲ, ಅಪೇಕ್ಷಿತವಲ್ಲದ್ದನ್ನು ಹೇಳುವುದಿಲ್ಲ ಎಂಬ ಮಲ್ಲಿನಾಥ ಸೂರಿಯ ಪ್ರತಿಜ್ಞೆ ಕಾವ್ಯವನ್ನು ಓದುವ ಬಾಲಕನಿಗೂ ಗೊತ್ತು. ಯೂಜೀನ್ ಗಾರ್ಫೀಲ್ಡ್ ಎಂಬ ಅಮೇರಿಕೆಯ ವಿದ್ವಾಂಸನು 1955ರಲ್ಲಿ ಈ ಋಣಪತ್ರಗಳನ್ನೆಲ್ಲ ಕೂಡಿಸಿ ಒಂದು ಸೂಚಿಯನ್ನು ಮಾಡಬಹುದೆಂದು ಸೂಚಿಸಿದನು. ಮುಂದಿನ ದಶಕದಲ್ಲಿ ಅದನ್ನು ಕಾರ್ಯರೂಪಕ್ಕೂ ತಂದನು. ಅದಕ್ಕೂ ಮೊದಲೇ, 1948ರಲ್ಲಿ, ಭಾರತದ ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯದ ವ್ಯವಹಾರಗಳನ್ನು ಗಣಿತದಿಂದ ಅಳೆಯುವ ಶಾಸ್ತ್ರವೊಂದು ಬೇಕೆಂದು ಪ್ರತಿಪಾದಿಸಿದ್ದರು. ಗಾರ್ಫೀಲ್ಡನ ಉದ್ದೇಶವು ಒಂದು ವಿಷಯದ ಜಾಡನ್ನು ಹಿಡಿದು ಹಿಂದುಮುಂದಿನ ಬರಹಗಳನ್ನು ಹುಡುಕುವುದು ಸುಲಭವಾಗಲಿ ಎಂಬುದು. ಕಾಲಕ್ರಮದಲ್ಲಿ ಹುಡುಕುವ ದೀಪವೇ ತೂಗುವ ತಕ್ಕಡಿಯಾಯಿತು. ಪತ್ರಿಕೆಯೊಂದರ ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಆ ಪತ್ರಿಕೆಯ ಪ್ರಭಾವಾಂಕ. 2005ರಲ್ಲಿ ಹಿರ್ಷ್ ಎಂಬ ಭೌತಶಾಸ್ತ್ರಜ್ಞನು ವ್ಯಕ್ತಿಗೂ ಒಂದು ಅಂಕವನ್ನು ಕಲ್ಪಿಸಿದನು. ಒಬ್ಬನ ಪ್ರಬಂಧಗಳಲ್ಲಿ ಇಪ್ಪತ್ತು ಪ್ರಬಂಧಗಳಾದರೂ ಒಂದೊಂದೂ ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಬಾರಿ ಉಲ್ಲೇಖಗೊಂಡಿದ್ದು, ಇಪ್ಪತ್ತೊಂದಕ್ಕೆ ಆ ಲೆಕ್ಕ ಕೂಡದಿದ್ದರೆ, ಅವನ ಅಂಕ 20. ಇದು ಎಚ್-ಸೂಚ್ಯಂಕವೆಂದು ಪ್ರಸಿದ್ಧವಾಗಿದೆ.

ಈ ಅಂಕಗಳು ನಿರರ್ಥಕವೆಂದು ತಳ್ಳಿಹಾಕುವುದು ಸರಿಯಲ್ಲ. ಒಬ್ಬನ ಬರಹವನ್ನು ಸಾವಿರ ಮಂದಿ ಆಶ್ರಯಿಸಿದರೆ ಅದರಲ್ಲಿ ಏನೋ ಒಂದು ಸತ್ತ್ವವಿರಬೇಕೆಂದು ಊಹಿಸುವುದಕ್ಕೆ ಆಸ್ಪದವುಂಟು. ಹಿತಸ್ನೇಹಿತರ ಶಿಫಾರಸಿಗಿಂತ ಅಪರಿಚಿತರ ಋಣಸ್ವೀಕಾರ ಹೆಚ್ಚು ನಂಬತಕ್ಕದ್ದು. ಆದರೆ ಈ ತಕ್ಕಡಿ ಏನನ್ನು ತೂಗುವುದು, ಏನನ್ನು ತೂಗಲಾರದು ಎಂಬ ವಿವೇಕವಿರಬೇಕು.

ಮೊದಲನೆಯದಾಗಿ, ಸಂಗ್ರಹಕ್ಕೂ ಶೋಧಕ್ಕೂ ಇರುವ ಭೇದವನ್ನು ಅದು ತೋರಿಸಲಾರದು. ಧಾರವಾಡದ ಆ ಎರಡು ಪ್ರಸಿದ್ಧ ಪ್ರಬಂಧಗಳೂ ಸಮೀಕ್ಷೆಗಳು. ಅನೇಕರ ಶೋಧಗಳನ್ನು ಕ್ರಮಪಡಿಸಿ ಹೇಳಿದವು. ಅಮೇರಿಕೆಯ ಟಫ್ಟ್ಸ್ ವಿಶ್ವವಿದ್ಯಾನಿಲಯದ ಕಾಪ್ಲಾನ್ ಮತ್ತು ಸಂಗಡಿಗರು ರೇಷ್ಮೆಯ ದೇಹೋಪಯೋಗವನ್ನು ಕುರಿತು 2003ರಲ್ಲಿ ಪ್ರಕಟಿಸಿ ಬಹಳವಾಗಿ ಉಲ್ಲೇಖಗೊಂಡ ಬರಹವೂ ಅಂಥ ಸಮೀಕ್ಷೆಯೇ. ಸಮೀಕ್ಷೆಯನ್ನು ಕೀಳೆಂದು ಬಗೆಯಬಾರದು. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿ ನಾನಾ ಶಾಸ್ತ್ರಗಳ ಸಾರವನ್ನು ಕನ್ನಡದಲ್ಲಿ ಕ್ರೋಡೀಕರಿಸಿದ ಗ್ರಂಥ. ಅದು ಮರಾಠಿಗೂ ಸಂಸ್ಕೃತಕ್ಕೂ ಪರಿವರ್ತನ ಹೊಂದಿತು. ಸಂಗ್ರಹಿಸುವವನಿಗೆ ಎಲ್ಲವನ್ನೂ ಓದುವ ತಾಳ್ಮೆ, ಜೊಳ್ಳನ್ನು ತೂರುವ ಕಣ್ಣು, ಮುಂದಿನವರಿಗೆ ದಾರಿ ಮಾಡುವ ಔದಾರ್ಯ ಬೇಕು. ಆದರೂ ಸಂಗ್ರಹಕಾರನ ಪುಣ್ಯ ಬೇರೆ, ಶೋಧಕನ ಪುಣ್ಯ ಬೇರೆ. ನೂರು ಜನ ಶೋಧಿಸಿದುದನ್ನು ಒಬ್ಬನು ಒಂದೆಡೆ ಬರೆದರೆ ಮುಂದಿನವರು ಆ ಒಬ್ಬನನ್ನೇ ಹೆಸರಿಸುತ್ತಾರೆ; ನೂರು ಹೆಸರುಗಳು ಅವನ ನೆರಳಿನಲ್ಲಿ ಮರೆಯಾಗುತ್ತವೆ.

ಎರಡನೆಯದಾಗಿ, ಹೆಸರಿಸಿದ ಮಾತ್ರಕ್ಕೆ ಒಪ್ಪಿದಂತಾಗಲಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವೆಂಬುದುಂಟು. ಎದುರಾಳಿಯ ಮತವನ್ನು ವಿಸ್ತಾರವಾಗಿ ಎತ್ತಿ ಹೇಳುವುದೇ ಅದನ್ನು ಖಂಡಿಸುವುದಕ್ಕಾಗಿ. ಚಾರ್ವಾಕರ ಮತವನ್ನು ಉಲ್ಲೇಖಿಸಿದ ಗ್ರಂಥಗಳು ಅನೇಕ. ಅವುಗಳಲ್ಲಿ ಬಹುತೇಕವೂ ಖಂಡನೆಗೆಂದೇ ಉಲ್ಲೇಖಿಸಿದವು. ಎಣಿಸುವ ಯಂತ್ರಕ್ಕೆ ಖಂಡನೆಯೂ ಒಂದು, ಮಂಡನೆಯೂ ಒಂದು. ಇದಲ್ಲದೆ ಶಾಸ್ತ್ರಶಾಸ್ತ್ರಕ್ಕೂ ಜನಸಂಖ್ಯೆಯ ಭೇದವುಂಟು. ಪಾಲಿಮರ್ ವಿದ್ಯೆಯಲ್ಲಿ ಬರೆಯುವವರು ಲೋಕದಲ್ಲಿ ಸಾವಿರಾರು ಮಂದಿ. ಹಳಗನ್ನಡ ಛಂದಸ್ಸಿನಲ್ಲಿ ಬರೆಯುವವರು ಬೆರಳೆಣಿಕೆಯವರು. ಇಬ್ಬರನ್ನೂ ಒಂದೇ ಅಂಕದಿಂದ ತೂಗುವುದು ರಾಗಿಯನ್ನೂ ಚಿನ್ನವನ್ನೂ ಒಂದೇ ಕೊಳಗದಿಂದ ಅಳೆದಂತೆ.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ಉಲ್ಲೇಖದ ಎಣಿಕೆ ಸತ್ಯಕ್ಕೆ ಸಾಕ್ಷಿಯಲ್ಲ. 2011ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಮಾಕಿಯಾರಿನಿ ಎಂಬ ಶಸ್ತ್ರವೈದ್ಯನು ಪಾಲಿಮರಿನಿಂದ ಮಾಡಿದ ಶ್ವಾಸನಾಳವನ್ನು ರೋಗಿಯೊಬ್ಬನಿಗೆ ಜೋಡಿಸಿದನು. ರೋಗಿಯ ಸ್ವಂತ ಜೀವಕೋಶಗಳು ಅದರ ಮೇಲೆ ಬೆಳೆದು ನಾಳವು ಸಜೀವವಾಗುವುದೆಂಬ ಆಶೆಯನ್ನು ಹುಟ್ಟಿಸಿದ ಪ್ರಬಂಧವು ಅದೇ ವರ್ಷ ಲಾನ್ಸೆಟ್ ಎಂಬ ಸುಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆಯ ಪ್ರಭಾವಾಂಕ ಬಹು ದೊಡ್ಡದು. ಪ್ರಬಂಧವನ್ನು ನೂರಾರು ಬಾರಿ ಇತರರು ಉಲ್ಲೇಖಿಸಿದರು. ಆದರೆ ಸ್ವೀಡನ್ನಿನಲ್ಲಿ ಅಂಥ ನಾಳವನ್ನು ಪಡೆದ ಮೂವರೂ ತೀರಿಕೊಂಡರು. ಪ್ರಬಂಧವನ್ನು 2018ರಲ್ಲಿ ಪತ್ರಿಕೆಯು ಹಿಂದಕ್ಕೆ ತೆಗೆದುಕೊಂಡಿತು. 2023ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು ಆ ವೈದ್ಯನಿಗೆ ಎರಡೂವರೆ ವರ್ಷಗಳ ಸೆರೆಮನೆ ವಾಸವನ್ನು ವಿಧಿಸಿತು. ಕೀರ್ತಿಯ ಅಂಕಗಳು ಏರುತ್ತಿದ್ದ ವರ್ಷಗಳಲ್ಲಿಯೇ ರೋಗಿಗಳ ಉಸಿರು ಇಳಿಯುತ್ತಿತ್ತು. ವ್ಯಾಕರಣದಲ್ಲಿ ತಪ್ಪಿದರೆ ಶಬ್ದ ಕೆಡುವುದು. ದೇಹದೊಳಗಿಡುವ ದ್ರವ್ಯದ ಶಾಸ್ತ್ರದಲ್ಲಿ ತಪ್ಪಿದರೆ ಪ್ರಾಣ ಹೋಗುವುದು. ಆದುದರಿಂದ ಈ ಶಾಸ್ತ್ರದಲ್ಲಿ ಓದದೆ ಎಣಿಸುವವನು ಮಹಾಪರಾಧಕ್ಕೆ ಬಾಗಿಲನ್ನು ತೆರೆದವನಾಗುತ್ತಾನೆ.

ಇದಕ್ಕೆ ಪ್ರತಿಯಾಗಿ ಭಾರತದಲ್ಲಿಯೇ ನಡೆದ ಒಂದು ಸಾತ್ತ್ವಿಕ ಉದಾಹರಣೆಯನ್ನು ನೋಡಬೇಕು. ಕೀಲುವಾತ ಜ್ವರದಿಂದ ಎಳೆಯ ವಯಸ್ಸಿನಲ್ಲಿಯೇ ಹೃದಯದ ಕವಾಟ ಕೆಟ್ಟವರು ಬಡಕುಟುಂಬಗಳಲ್ಲಿ ಹೆಚ್ಚು. ಪರದೇಶದ ಕೃತಕ ಕವಾಟವನ್ನು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾಕ್ಟರ್ ಎಂ. ಎಸ್. ವಲಿಯತ್ತಾನ್ ಅವರೂ ಸಹೋದ್ಯೋಗಿಗಳೂ ಸ್ವದೇಶದ ಕವಾಟವೊಂದನ್ನು ಮಾಡಲು ಹೊರಟರು. ಮೊದಲಿನ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಸೋಲನ್ನು ಮುಚ್ಚಿಡದೆ, ರೋಗಿಯ ಎದೆಯ ಬಳಿಗೆ ಅವನ್ನು ಒಯ್ಯದೆ, ನಾಲ್ಕನೆಯದನ್ನು ಮಾಡಿದರು. ಅದರಲ್ಲಿ ತೆರೆದು ಮುಚ್ಚುವ ಬಿಲ್ಲೆಯು ಅತಿ ಉದ್ದವಾದ ಸರಪಣಿಗಳುಳ್ಳ ಪಾಲಿಥೀನ್ ಎಂಬ ಪಾಲಿಮರು. ನಿಮಿಷಕ್ಕೆ 72 ಬಡಿತದಂತೆ ಎಣಿಸಿದರೆ ಆ ಬಿಲ್ಲೆಯು ವರ್ಷಕ್ಕೆ ಸುಮಾರು 3 ಕೋಟಿ 78 ಲಕ್ಷ ಬಾರಿ ತೆರೆದು ಮುಚ್ಚಬೇಕು. ಸವೆಯಬಾರದು, ಮುರಿಯಬಾರದು, ರಕ್ತವನ್ನು ಹೆಪ್ಪುಗಟ್ಟಿಸಬಾರದು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಲಾಯಿತು. ಅಂದಿನಿಂದ ಒಂದು ಲಕ್ಷಕ್ಕೂ ಮೀರಿದ ಜನರ ಎದೆಯಲ್ಲಿ ಆ ಕವಾಟವನ್ನು ಇರಿಸಲಾಗಿದೆ. ವಲಿಯತ್ತಾನ್ ಅವರು ಮುಂದೆ ಮಣಿಪಾಲದ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾಗಿ ಕನ್ನಡ ನಾಡಿನಲ್ಲಿಯೂ ಸೇವೆ ಸಲ್ಲಿಸಿ, ಚರಕ ಸುಶ್ರುತ ವಾಗ್ಭಟರ ಗ್ರಂಥಗಳ ಮೇಲೆ ವ್ಯಾಸಂಗ ಮಾಡಿ, 2024ರಲ್ಲಿ ದಿವಂಗತರಾದರು. ಆ ಲಕ್ಷ ಮಂದಿ ರೋಗಿಗಳಲ್ಲಿ ಯಾರೂ ಯಾವ ವಿದ್ವತ್ಪತ್ರಿಕೆಯಲ್ಲಿಯೂ ಉಲ್ಲೇಖವನ್ನು ಬರೆದವರಲ್ಲ. ಅವರ ಒಂದೊಂದು ನಾಡಿಮಿಡಿತವೂ ಒಂದೊಂದು ಉಲ್ಲೇಖವೆಂದು ತಿಳಿಯತಕ್ಕದ್ದು.

ಹಾಗೆಂದು ಧಾರವಾಡದ ಸಮೀಕ್ಷೆಯನ್ನು ತಿರುವನಂತಪುರದ ಕವಾಟಕ್ಕಿಂತ ಕೀಳೆಂದು ನಿರ್ಣಯಿಸುವುದು ಇಲ್ಲಿಯ ಅಭಿಪ್ರಾಯವಲ್ಲ. ಬೀಜ ಬಿತ್ತುವವನೂ ಬೇಕು, ಬೆಳೆ ಕೊಯ್ದು ಅನ್ನ ಬಡಿಸುವವನೂ ಬೇಕು. ಬಿತ್ತಿದವನ ಫಲವು ಇತರರ ಬರಹಗಳಲ್ಲಿ ಕಾಣುತ್ತದೆ; ಬಡಿಸಿದವನ ಫಲವು ಉಂಡವನ ಮುಖದಲ್ಲಿ ಕಾಣುತ್ತದೆ. ಉಲ್ಲೇಖವು ವಿದ್ವಾಂಸರು ವಿದ್ವಾಂಸರಿಗೆ ಸಲ್ಲಿಸುವ ಋಣದ ಲೆಕ್ಕ ಮಾತ್ರ. ವಿದ್ಯೆಯು ಲೋಕಕ್ಕೆ ಸಲ್ಲಿಸಬೇಕಾದ ಋಣದ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಬರೆಯಬೇಕು. ಪತ್ರಿಕೆಯ ಪ್ರಭಾವಾಂಕವನ್ನು ನೋಡಿ ವ್ಯಕ್ತಿಯ ಯೋಗ್ಯತೆಯನ್ನು ತೀರ್ಮಾನಿಸಬಾರದೆಂದು 2012ರಲ್ಲಿ ಅಮೇರಿಕೆಯ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸೇರಿದ್ದ ವಿದ್ವಾಂಸರು ಘೋಷಣೆಯೊಂದನ್ನು ಸಿದ್ಧಪಡಿಸಿದ್ದೂ ಈ ವಿವೇಕದಿಂದಲೇ.

ಈ ವಿಚಾರ ದೂರದ ವಿದ್ವಾಂಸರಿಗೆ ಮಾತ್ರ ಸಂಬಂಧಿಸಿದ್ದೆಂದು ಚಳ್ಳಕೆರೆ ಮೊಳಕಾಲ್ಮೂರಿನ ಜನರು ಭಾವಿಸಕೂಡದು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ನೆಲ ದೊರೆತಿದೆ. ಅದರ ಸುತ್ತಮುತ್ತ ರಾಷ್ಟ್ರದ ಇತರ ವಿಜ್ಞಾನ ಸಂಸ್ಥೆಗಳಿಗೂ ವಿಸ್ತಾರವಾದ ಭೂಮಿ ಸಂದಿದೆ. ಆ ನೆಲವು ಬರಿಯ ಬಂಜರಾಗಿರಲಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇಯ್ದ ಕಾವಲು ಅದು. ಕುರಿಯ ಉಣ್ಣೆಯಿಂದ ಕಂಬಳಿ ನೇಯುವವರಿಗೂ ದನಕರು ಸಾಕುವವರಿಗೂ ಆ ಹುಲ್ಲೇ ಜೀವನವಾಗಿತ್ತು. ಕಾವಲನ್ನು ಹೀಗೆ ಹಂಚಿದ್ದರ ಕುರಿತಾದ ಆಕ್ಷೇಪಣೆಗಳು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ವಿಚಾರಣೆಗೂ ಬಂದವು. ಹೀಗಿರುವಾಗ, ವಿದ್ಯೆಗೆಂದು ಹುಲ್ಲುಗಾವಲು ಹೋದ ಸೀಮೆಯ ಜನರಿಗೆ ಆ ವಿದ್ಯೆಯ ಫಲವೇನೆಂದು ಕೇಳುವ ಹಕ್ಕು ಉಂಟು. ಇಷ್ಟು ಪ್ರಬಂಧ, ಇಷ್ಟು ಉಲ್ಲೇಖ, ಇಷ್ಟು ಅಂಕ ಎಂಬ ಉತ್ತರವೊಂದೇ ಅವರಿಗೆ ಸಾಲದು. ಅದೇ ಕುದಾಪುರದಲ್ಲಿ ಶಾಲಾ ಕಾಲೇಜುಗಳ ಅಧ್ಯಾಪಕರಿಗೆ ವಿಜ್ಞಾನದ ತರಬೇತಿಯನ್ನು ಕೊಡುವ ಕೇಂದ್ರವಿರುವುದು ಸಮಾಧಾನದ ಸಂಗತಿ. ಅಲ್ಲಿ ಕಲಿತ ಒಬ್ಬ ಮೇಷ್ಟರು ಹಳ್ಳಿಯ ಶಾಲೆಯಲ್ಲಿ ಒಂದು ಪ್ರಯೋಗವನ್ನು ಮಾಡಿ ತೋರಿಸಿದರೆ ಅದನ್ನು ಯಾವ ಸೂಚಿಯೂ ಎಣಿಸುವುದಿಲ್ಲ. ಆದರೆ ಅದು ಪ್ರಭಾವವೇ.

ಆದುದರಿಂದ ಸಂಶೋಧಕನೊಬ್ಬನ ಹಿರಿಮೆಯನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಹಾಕತಕ್ಕದ್ದು. ಈತನು ಹೊಸದಾಗಿ ಕಂಡದ್ದೇನು, ಅಥವಾ ಚದುರಿದ್ದ ಯಾವುದನ್ನು ಕೂಡಿಸಿ ಕೊಟ್ಟನು? ಈತನು ಹೇಳಿದುದನ್ನು ಬೇರೊಬ್ಬರು ಸ್ವತಂತ್ರವಾಗಿ ಮಾಡಿ ನೋಡಿದಾಗ ಅದು ಹಾಗೆಯೇ ನಿಂತಿತೇ? ಅದರಿಂದ ರೋಗಿಯ ದೇಹಕ್ಕೆ, ರೈತನ ಹೊಲಕ್ಕೆ, ನೇಕಾರನ ಮಗ್ಗಕ್ಕೆ ಏನು ಒದಗಿತು, ಅಥವಾ ಒದಗುವ ದಾರಿ ಯಾವುದು? ಈ ಮೂರನ್ನೂ ಕೇಳಿದ ಮೇಲೆ ನಾಲ್ಕನೆಯದಾಗಿ ಅಂಕವನ್ನು ನೋಡಿದರೆ ದೋಷವಿಲ್ಲ. ಮೊದಲೇ ಅಂಕವನ್ನು ನೋಡಿದವನು ಉಳಿದ ಮೂರನ್ನೂ ಮರೆಯುತ್ತಾನೆ.

ಮೊಳಕಾಲ್ಮೂರಿನ ನೇಕಾರರ ಮಕ್ಕಳು ಈ ಮಾತನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಅಂಟು ತೆಗೆದ ರೇಷ್ಮೆ ಎಷ್ಟು ಬಿಗಿಯನ್ನು ತಡೆಯುತ್ತದೆ, ಹದ ತಪ್ಪಿದರೆ ಎಳೆ ಹೇಗೆ ಸೋಲುತ್ತದೆ ಎಂಬುದು ಅವರ ಬೆರಳುಗಳಿಗೆ ಗೊತ್ತು. ಅದೇ ಎಳೆ ಮುಂದೆ ಸುಟ್ಟ ಗಾಯವನ್ನು ಮುಚ್ಚುವ ಪೊರೆಯಾಗುವ ಕಾಲದಲ್ಲಿ, ಅದನ್ನು ಪರೀಕ್ಷಿಸುವವರ ಸಾಲಿನಲ್ಲಿ ಈ ಸೀಮೆಯ ಯುವಕ ಯುವತಿಯರೂ ಇರಬೇಕು. ರಸಾಯನ ಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಮನಮುಟ್ಟಿ ಓದಲಿ. ಪೂರ್ವಿಕರ ಋಣವನ್ನು ಮರೆಮಾಚದೆ ಬರೆಯಲಿ. ಕಂಡುದನ್ನು ಕಂಡಷ್ಟೇ ಹೇಳಲಿ. ಸೋತ ಪ್ರಯೋಗವನ್ನೂ ಸೋತಿತೆಂದೇ ದಾಖಲೆಮಾಡಲಿ. ಹಾಗೆ ಬರೆದ ಒಂದು ಪ್ರಬಂಧವನ್ನು ಹತ್ತು ಜನ ಮಾತ್ರ ಓದಿದರೂ ಅದು ನಿಲ್ಲುವ ಬರಹ. ವಿದ್ಯಾಸಂಸ್ಥೆಗಳ ಆಡಳಿತವನ್ನು ನಡೆಸುವ ಮಹನೀಯರೂ ಅಧ್ಯಾಪಕರನ್ನು ಆರಿಸುವಾಗ ಪ್ರಬಂಧಗಳನ್ನು ಎಣಿಸುವ ಬದಲು ಅವುಗಳಲ್ಲಿ ಎರಡನ್ನಾದರೂ ಬಲ್ಲವರಿಂದ ಓದಿಸಿ ಕೇಳುವ ಪದ್ಧತಿಯನ್ನು ಹಾಕಿಕೊಂಡರೆ ಅದು ವಿದ್ಯೆಗೆ ಮಾಡಿದ ದೊಡ್ಡ ಸೇವೆಯಾಗುವುದು.